ಜೋಕು ಮರೆತ ದಿನ ಎಲ್ಲರೂ ನಕ್ಕರು

ಪದವಿಯ ಎರಡನೇ ವರ್ಷದ ಸೆಮಿನಾರಿಗೆ ಮೊಬೈಲಿನಿಂದ ಮೂರು ಜೋಕು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೊದಲನೆಯದಕ್ಕೆ ಯಾರೂ ನಗಲಿಲ್ಲ. ಎರಡನೆಯದು ಅರ್ಧಕ್ಕೇ ಮರೆತುಹೋಯಿತು. ಬೆವರು ಒರೆಸಿಕೊಳ್ಳುತ್ತ, ‘ಸುರೇಬಾನದಿಂದ ಬರೂವಾಗ ಬಸ್ಸಿನ್ಯಾಗ ಎಲ್ಲಾ ನೆನಪಿತ್ರಿ, ಸೀಟಿನ ಮ್ಯಾಲೇ ಬಿಟ್ಟು ಇಳದೀನಿ ಅನಸ್ತೈತಿ’ ಎಂದೆ. ಇಡೀ ತರಗತಿ ನಕ್ಕಿತು. ಆಮೇಲೆ ಮಾತು ತಾನಾಗಿ ಬಂತು.

ಅಂದಿನಿಂದ ಗಂಗಾವತಿ ಪ್ರಾಣೇಶ್ ಅವರ ಭಾಷಣಗಳನ್ನು ಬೇರೆ ಕಿವಿಯಿಂದ ಕೇಳುತ್ತಿದ್ದೇನೆ. ಜನ ‘ಅಭಿನವ ಬೀಚಿ’ ಎಂದು ಕರೆಯುವ ಅವರು ವೇದಿಕೆಗೆಂದು ಬೇರೆ ಭಾಷೆ ಉಟ್ಟು ಬರುವುದಿಲ್ಲ. ಉತ್ತರ ಕರ್ನಾಟಕದ ಮಾತಿನಲ್ಲೇ ನಮ್ಮ ನಿಮ್ಮ ಮನೆಯ ಸುದ್ದಿ ಹೇಳುತ್ತಾರೆ. ಅವರು ಮೆಚ್ಚುವ ಬೀಚಿ ತಮ್ಮ ಆತ್ಮಕಥೆಗೆ ಇಟ್ಟ ಹೆಸರೇ ‘ನನ್ನ ಭಯಾಗ್ರಫಿ’. ಮೊದಲ ನಗು ತಮ್ಮ ಮೇಲೇ!

ನಾವೋ, ಸಂದರ್ಶನಕ್ಕೆ ಹೊರಟಾಗ ಊರಿನ ಮಾತನ್ನು ಬಸ್ ನಿಲ್ದಾಣದಲ್ಲೇ ಇಳಿಸಿ ಹೋಗುತ್ತೇವೆ. ನಗಿಸಬೇಕೆಂದರೆ ಪಕ್ಕದವನ ಬಣ್ಣ, ಗೆಳತಿಯ ದಪ್ಪ ಹಿಡಿದುಕೊಳ್ಳುತ್ತೇವೆ. ಅದಕ್ಕೂ ನಗು ಬರುತ್ತದೆ, ಸುಳ್ಳಲ್ಲ. ಆದರೆ ಸಭೆಯಲ್ಲಿ ಒಬ್ಬರು ತಲೆ ತಗ್ಗಿಸಿ ಕೂತಿರುತ್ತಾರೆ. ಅವರು ಮುಂದೆ ನಮ್ಮ ಒಂದು ಮಾತನ್ನೂ ಕೇಳುವುದಿಲ್ಲ.

ನಾನೀಗ ಕನ್ನಡಿ ಬಿಟ್ಟಿದ್ದೇನೆ. ವಿಷಯ ಚೆನ್ನಾಗಿ ಓದಿ, ಒಲೆ ಮುಂದೆ ಕೂತ ಅವ್ವನಿಗೆ ಹೇಳುತ್ತೇನೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರೆ ಮಾತು ಮುಟ್ಟಿತೆಂದು ಲೆಕ್ಕ. ಬರುವ ವಾರ ನನಗೆ ಸಂದರ್ಶನವಿದೆ. ನಿನ್ನೆ ಅವ್ವ ಎರಡು ಸಲ ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.