ತಂಗಡಿ ಹೂವಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಯೇ?

ದಿನಾ ಬೆಳಗ್ಗೆ ತಂಗಡಿ ಹೂವಿನ ಕಷಾಯ ಕುಡಿದರೆ ಸಾಕು, ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡ ಎನ್ನುವಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಇದರಲ್ಲಿ ನಿಜವೆಷ್ಟು? ನೋಡೋಣ.

ಯಾವುದು ಈ ಗಿಡ?
ಕಡೂರು ತಾಲ್ಲೂಕಿನ ಯಗಟಿಯಂಥ ಬಯಲುಸೀಮೆ ಊರುಗಳ ಕಡೆ ಇದನ್ನು ಪರಿಚಯಿಸಬೇಕಿಲ್ಲ. ತಂಗಡಿ, ಆವರಿಕೆ ಎಂದು ಕರೆಯುವ ಇದರ ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ. ತೆಲಂಗಾಣದ ರಾಜ್ಯಪುಷ್ಪವೂ ಇದೇ. ಇದರ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು.

ಒಣನೆಲದಲ್ಲಿ ಹೇಗೆ ಬದುಕುತ್ತದೆ?
ಅದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟದ ಮಳೆನೆರಳಿನಲ್ಲಿರುವ ಕಡೂರಿಗೆ ಅದರ ಕಾಲು ಭಾಗವೂ ಸಿಗುವುದಿಲ್ಲ. ತಂಗಡಿಯ ಬೇರು ಆಳಕ್ಕಿಳಿದು ತೇವ ಹುಡುಕುತ್ತದೆ, ಸಣ್ಣ ಸಣ್ಣ ಎಲೆಗಳು ಬಿಸಿಲಲ್ಲಿ ಬೇಗ ಕಾಯುವುದಿಲ್ಲ. ಹೂವಿನಲ್ಲಿ ಮಕರಂದವಿಲ್ಲ. ಕೆಲವು ದುಂಬಿಗಳು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಪರಾಗವನ್ನು ಉದುರಿಸಿಕೊಂಡು ಒಯ್ಯುತ್ತವೆ.

ಸಕ್ಕರೆ ಕಾಯಿಲೆಯ ಮಾತು?
ಪೂರ್ತಿ ಸುಳ್ಳಲ್ಲ. 2002ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು ಹೂವಿನ ಸಾರ ಕೊಟ್ಟಾಗ ಮಧುಮೇಹವಿದ್ದ ಇಲಿಗಳ ರಕ್ತದ ಸಕ್ಕರೆ ಇಳಿದಿತ್ತು. ಆದರೆ ಅದು ಇಲಿಗಳ ಮೇಲೆ, ಅಳತೆಯಿಟ್ಟು ಕೊಟ್ಟ ಸಾರ. ಮನೆಯ ಕಷಾಯ ಮನುಷ್ಯರ ಕಾಯಿಲೆ ವಾಸಿ ಮಾಡುತ್ತದೆ ಎಂದು ಅದರಿಂದ ಹೇಳಲಾಗದು. ಇದನ್ನು ನಂಬಿ ಟೈಪ್ 1 ಮಧುಮೇಹಿಗಳು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು. ಮಾತ್ರೆಯ ಜೊತೆಗೆ ಕಷಾಯವನ್ನೂ ಕುಡಿದರೆ ಸಕ್ಕರೆ ತೀರಾ ಇಳಿಯುವ ಸಾಧ್ಯತೆಯೂ ಇದೆ.

ಇನ್ನೊಂದು ಅಪಾಯ
ಫೋಟೋ ನೋಡಿ ಗಿಡ ಕಿತ್ತು ತರುವುದು ಇನ್ನೂ ಅಪಾಯ. ಇದೇ ಜಾತಿಯ, ಹಳದಿ ಹೂವಿನ ಕಾಸಮರ್ದವೂ ರಸ್ತೆಬದಿಯಲ್ಲೇ ಬೆಳೆಯುತ್ತದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಇದರ ಬೀಜ ತಿಂದ ಮಕ್ಕಳ ಯಕೃತ್ತು, ಸ್ನಾಯು, ಮಿದುಳಿಗೆ ಹಾನಿಯಾಗಿ ಎಷ್ಟೋ ಮಕ್ಕಳು ಸತ್ತದ್ದನ್ನು ವೈದ್ಯರು 2007ರಲ್ಲಿ ವರದಿ ಮಾಡಿದ್ದಾರೆ. ತಂಗಡಿಯ ಎಲೆಗಳ ತುದಿ ದುಂಡಗೆ, ಎಲೆಯ ಬುಡದಲ್ಲಿ ಕಿವಿಯಾಕಾರದ ಎಸಳು ಇರುತ್ತದೆ. ಕಾಸಮರ್ದದ ಎಲೆ ಚೂಪು, ಹಿಸುಕಿದರೆ ಕೆಟ್ಟ ವಾಸನೆ.

ಕೊನೆಗೆ
ತಂಗಡಿ ನಮ್ಮ ಬರಗಾಲದ ನೆಲದ ಚಿನ್ನದಂಥ ಹೂವು, ನಿಜ. ಆದರೆ ಅದು ಮಾತ್ರೆಗೆ ಬದಲಿಯಲ್ಲ. ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ. ಮಾತ್ರೆ ಬಿಡಿ ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.