ಇಪ್ಪತ್ತು ಕೇಜಿಗೆ ನಾಲ್ಕು ವರ್ಷ

ಬೆಂಗಳೂರಿನಲ್ಲಿ ನಾನಿರುವ ಬೀದಿಯ ಪ್ರತೀ ಕರೆಂಟ್ ಕಂಬದಲ್ಲೂ ಒಂದು ಫ್ಲೆಕ್ಸ್ ನೇತಾಡುತ್ತಿದೆ: 90 ದಿನಗಳಲ್ಲಿ ಸಿಕ್ಸ್ ಪ್ಯಾಕ್! ಫೀಸು ಮಾತ್ರ ವರ್ಷದ್ದು, ಮೊದಲೇ ಕಟ್ಟಬೇಕು. ಮೂರು ತಿಂಗಳಿಗೆ ಕೆಲಸ ಮುಗಿಯುವುದಾದರೆ ಉಳಿದ 275 ದಿನದ ದುಡ್ಡು ಎಂತಕ್ಕೆ ಮಾರಾಯ್ರೆ? ಮೂರನೇ ವಾರಕ್ಕೆ ನೀವು ಬರುವುದಿಲ್ಲ ಅಂತ ಅವರಿಗೆ ಗೊತ್ತು. ಅವರ ಲಾಭ ಇರುವುದೇ ಅಲ್ಲಿ.

ಇದರ ಪಕ್ಕದಲ್ಲಿ ನಮ್ಮೂರಿನ ಒಂದು ಲೆಕ್ಕ ಇಡುತ್ತೇನೆ. ಕುಂದಾಪುರದ ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಿನಲ್ಲಿ 56 ಕೇಜಿ ವಿಭಾಗದಲ್ಲಿ ಒಟ್ಟು 249 ಕೇಜಿ ಎತ್ತಿ ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದೇ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕೇಜಿ ವಿಭಾಗ, 269 ಕೇಜಿ, ಕಂಚು. ವಿಭಾಗ ಬದಲಾಗಿತ್ತು, ಸರಿ. ಆದರೂ ಭಾರ ಎತ್ತುವುದನ್ನೇ ಬದುಕು ಮಾಡಿಕೊಂಡ, ಕೋಚು, ಕ್ಯಾಂಪು ಎಲ್ಲ ಇರುವ ಮನುಷ್ಯನ ಎರಡು ಪದಕಗಳ ನಡುವೆ ನಾಲ್ಕು ವರ್ಷ, ವ್ಯತ್ಯಾಸ 20 ಕೇಜಿ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ನಮಗೆ ಮೂರು ತಿಂಗಳು ಸಾಕಂತೆ!

ಹೊಸಬರಿಗೆ ಮೊದಮೊದಲು ಬೇಗ ಬಲ ಬರುತ್ತದೆ, ಒಪ್ಪಿದೆ. ಆದರೆ ಸ್ನಾಯು ಒಗ್ಗಿಕೊಂಡಷ್ಟು ಬೇಗ ಗಂಟುಗಳ ಸುತ್ತಲಿನ ನಾರು ಒಗ್ಗುವುದಿಲ್ಲ. ಅವಸರ ಮಾಡಿದವರು ಭುಜವೋ ಮಂಡಿಯೋ ಹಿಡಿದುಕೊಂಡು ಮನೆಗೆ ಬರುವುದು ಅದಕ್ಕೇ.

ಊರಿಗೆ ಹೋದರೆ ಇದರ ಉಲ್ಟಾ ಪಾಠ. ‘ಹ್ವಾಯ್, ನಮ್ಮ್ ಅಜ್ಜ ಯಾವ್ ಜಿಮ್ಮಿಗ್ ಹೋಯಿದ್ರ್?’ ಹೋಗಿರಲಿಲ್ಲ. ಅಜ್ಜ ಕೋಣ ಕಟ್ಟಿ ಹೂಡುತ್ತಿದ್ದರು, ಅಜ್ಜಿ ದಿನವಿಡೀ ಬಗ್ಗಿ ನೆಟ್ಟಿ ಮಾಡಿ, ಬಂದು ಬಾವಿಯಿಂದ ನೀರು ಸೇದುತ್ತಿದ್ದರು. ಈಗ ಹೂಡುವುದು ಟಿಲ್ಲರ್, ಕೊಯ್ಯುವುದು ಯಂತ್ರ, ನೀರೆತ್ತುವುದು ಪಂಪು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಷ್ಟು ಗದ್ದೆ ಹಡಿಲು ಬಿದ್ದಿವೆ ನೋಡಿ. ಬಟ್ಟಲಿನ ಅನ್ನ ಮಾತ್ರ ಅಜ್ಜನ ಕಾಲದಷ್ಟೇ. ಅಜ್ಜನ ಹೆಸರು ಹೇಳಿ ಸೋಫಾದಲ್ಲಿ ಕೂರುವುದು ಫ್ಲೆಕ್ಸಿನವರ ಸುಳ್ಳಿಗಿಂತ ಕಡಿಮೆ ಸುಳ್ಳಲ್ಲ.

ನನಗೆ ಇದು ಬರೀ ವಾದವಲ್ಲ. ಎಕರೆಗಟ್ಟಲೆ ನೆಟ್ಟಿ ನೆಟ್ಟ ನನ್ನಮ್ಮ ಈಗ ನೆಲದಿಂದ ಏಳಲು ಗೋಡೆ ಹಿಡಿಯುತ್ತಾಳೆ. ಗದ್ದೆ ಬಿಟ್ಟು ಹದಿನೈದು ವರ್ಷ, ಶುಗರ್ ಬಂದು ಎಂಟು. ಅಷ್ಟು ದುಡಿದವಳಿಗೇ ಹೀಗಾದರೆ, ಮೂವತ್ತಕ್ಕೇ ಕುರ್ಚಿಯಿಂದ ಏಳುವಾಗ ‘ಅಯ್ಯಬ್ಬಾ’ ಅನ್ನುವ ನಮ್ಮ ಕಥೆ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ. ಅಷ್ಟಾಗದಿದ್ದರೆ ಆದಷ್ಟು. ಮಧ್ಯಮ ಅಂದರೆ, ನಡೆಯುತ್ತಾ ಮಾತಾಡಲು ಆಗಬೇಕು, ಭಾಗವತಿಕೆ ಮಾಡಲು ಆಗಬಾರದು. ಈ ಅಳತೆಗೆ ವಾಚೂ ಬೇಡ, ಆ್ಯಪೂ ಬೇಡ.

ಶುರು ಮಾಡುವವರು ತಮ್ಮ ಅತ್ಯಂತ ಕೆಟ್ಟ ವಾರವನ್ನು ನೆನಪಿಸಿಕೊಳ್ಳಲಿ ಅನ್ನುತ್ತೇನೆ ನಾನು. ಆಫೀಸಿನಲ್ಲಿ ರಿಲೀಸ್ ಇರುವ ವಾರ, ಶುಕ್ರವಾರ ರಾತ್ರಿ ಕುಂದಾಪುರದ ಬಸ್ಸು ಹತ್ತಿ ಭಾನುವಾರ ರಾತ್ರಿ ವಾಪಸ್ ಹೊರಡುವ ವಾರ. ಆ ವಾರವೂ ಮಾಡಬಹುದಾದಷ್ಟೇ ನಿಮ್ಮ ಪ್ಲಾನು. ಹತ್ತು ನಿಮಿಷದ ನಡಿಗೆ. ವಾರಕ್ಕೆರಡು ಸಲ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಎಂಟು ಸಲ, ಗೋಡೆಗೆ ಕೈ ಕೊಟ್ಟು ಪುಷ್‌ಅಪ್ ಎಂಟು. ಸುಲಭ ಅನ್ನಿಸಿದ ಮೇಲೆ ಒಂದೆರಡು ಸೇರಿಸಿ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರಿಗೆ ಹೇಳಿ.

ಊರಲ್ಲೇ ಇರುವವರಿಗೆ ಕೋಡಿ ಕಡಲತೀರ, ಬೈಂದೂರಿನ ಸೋಮೇಶ್ವರ ಇದೆಯಲ್ಲ ಅನ್ನಬೇಡಿ. ಜೂನ್ ಬಂದರೆ ನಾಲ್ಕು ತಿಂಗಳು ಆ ವಾಕಿಂಗ್ ಬಂದ್. ಚಾವಡಿಯಲ್ಲಿ ಆಗುವಂಥದ್ದೇ ಮಳೆಗಾಲ ದಾಟುವುದು. ರಾತ್ರಿಯಿಡೀ ಆಟ ನೋಡಿ ಬಂದ ದಿನ ಬಿಟ್ಟುಬಿಡಿ, ಮಲಗಿ. ಮರುದಿನ ಬಡ್ಡಿ ಸೇರಿಸಿ ಡಬಲ್ ಮಾಡಬೇಡಿ.

ಹೋದ ಸಲ ಊರಿಗೆ ಹೋದಾಗ ಅಮ್ಮನಿಗೂ ಕುರ್ಚಿಯದ್ದು ಹೇಳಿಕೊಟ್ಟೆ. ‘ಇದ್ಕೂ ಫೀಸ್ ಕೊಡ್ಕಾ?’ ಅಂದಳು. ಈಗ ಸಂಜೆ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಮಾಡುತ್ತಾಳಂತೆ. ಆರು ಸಲ. ಏಳನೆಯದಕ್ಕೆ ಧಾರಾವಾಹಿ ಶುರುವಾಗುತ್ತದಂತೆ.