ಕಡ್ಡಿ ಚಕ್ರವೂ ಕೂಲಿಯ ಲೆಕ್ಕವೂ

ಹಳೇ ಕಾರಿನ ಕಡ್ಡಿ ಚಕ್ರ ತೊಳೆಯುವುದರ ಬಗ್ಗೆ ಲೇಖನ ಬರೀತೀನಿ ಅಂದರೆ ನಮ್ಮ ಸಂಘದ ಮಿತ್ರರು ಕೇಳುವ ಮೊದಲ ಪ್ರಶ್ನೆ ಗೊತ್ತೇ ಇದೆ: "ಶ್ರೀಮಂತರ ಆಟಿಕೆಗೆ ಕನ್ನಡ ಪತ್ರಿಕೆಯಲ್ಲಿ ಎರಡು ಪುಟ ದಂಡ ಯಾಕಯ್ಯಾ?" ಪ್ರಶ್ನೆ ನ್ಯಾಯವಾದದ್ದೇ. ಕಾರು ಅವರದು, ಒಪ್ಪಿದೆ. ಆದರೆ ಆ ಚಕ್ರವನ್ನು ಉಳಿಸಿಕೊಂಡು ಬಂದಿರುವ ಕೈ ಅವರದಲ್ಲ. ನನ್ನ ಮಾತು ಆ ಕೈಯ ಬಗ್ಗೆ.

ಅಣ್ಣಾ ನಗರ್ 1968ರ ವಿಶ್ವ ವಾಣಿಜ್ಯ ಮೇಳ ನಡೆದ ಜಾಗ. ಟವರ್ ಪಾರ್ಕಿನ ಗೋಪುರ ಆ ಮೇಳಕ್ಕೇ ಕಟ್ಟಿದ್ದು. ಇಲ್ಲಿನ ಅಗಲವಾದ ಅವೆನ್ಯೂಗಳಲ್ಲಿ ಭಾನುವಾರ ಬೆಳಿಗ್ಗೆ ಒಮ್ಮೊಮ್ಮೆ ಹಳೇ ಕಾಲದ ಕಾರೊಂದು ಹೊರಬಂದರೆ ಜನ ನಿಂತು ನೋಡುತ್ತಾರೆ. ನೋಡೋದು ಮೊದಲು ಚಕ್ರವನ್ನೇ. ಪಕ್ಕದ ಅಂಬತ್ತೂರಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್ ಶುರುವಾಯಿತು. ತಿರುವೊತ್ತಿಯೂರಿನಲ್ಲಿ 1955ರಿಂದ ಬುಲೆಟ್ ತಯಾರಾಗತೊಡಗಿತು. ಕಡ್ಡಿ ಚಕ್ರ ಈ ಊರಿಗೆ ಹೊಸದೇನಲ್ಲ. ಕಾರಿನದೂ ಸೈಕಲ್ಲಿನದೂ ಒಂದೇ ಜಾತಿ.

ನಮ್ಮೂರ ಎತ್ತಿನ ಗಾಡಿಯ ಚಕ್ರ ಬೇರೆ. ಅದರಲ್ಲಿ ಗುಂಬದ ಕೆಳಗಿರುವ ಮರದ ಅರ ಕಂಬದ ಹಾಗೆ ನಿಂತು ಭಾರ ಹೊರುತ್ತೆ. ತಂತಿಯ ಕಡ್ಡಿ ಹಾಗೆ ನಿಲ್ಲಲಾರದು, ಒತ್ತಿದರೆ ಬಾಗಿಬಿಡುತ್ತೆ. ಆದ್ದರಿಂದ ಪ್ರತಿ ಕಡ್ಡಿಯನ್ನೂ ಮೊದಲೇ ಎಳೆದು ಬಿಗಿ ಮಾಡಿರುತ್ತಾರೆ. ಆ ಬಿಗಿತವೇ ಚಕ್ರದ ಶಕ್ತಿ. 1945ರಿಂದ 1949ರವರೆಗೆ ಬಂದ ಎಂ.ಜಿ. ಟಿಸಿ ಕಾರಿನ ಒಂದು ಚಕ್ರಕ್ಕೆ 48 ಕಡ್ಡಿ. ಜಾಗ್ವಾರ್ ಇ-ಟೈಪಿಗೆ 72. ಸ್ಟೆಪ್ನಿ ಸೇರಿಸಿ ಐದು ಚಕ್ರ ಅಂದರೆ 360 ಕಡ್ಡಿ! ಒಂದು ಸಡಿಲವಾದರೆ ಅದರ ಪಾಲಿನ ಭಾರ ಅಕ್ಕಪಕ್ಕದ್ದರ ಮೇಲೆ ಬೀಳುತ್ತೆ, ಮುಂದೆ ಅವೂ ಹೋಗುತ್ತವೆ. ಕೂಡು ಕುಟುಂಬದ ಕಥೆಯೇ.

ಈಗ ತೊಳೆಯುವ ವಿಷಯ. ಕಡ್ಡಿಗಳು ಒಂದರ ಮೇಲೊಂದು ಹಾಯುವ ಕಡೆ, ಕಡ್ಡಿ ನಿಪ್ಪಲ್ಲಿನೊಳಗೆ ಹೋಗುವ ಕಡೆ ಬ್ರೇಕಿನ ಕರಿ ಪುಡಿಯೂ ನೀರೂ ಸೇರಿ ಕೂರುತ್ತವೆ. ತುಕ್ಕು ಹುಟ್ಟೋದು ಅಲ್ಲೇ. ಮದ್ರಾಸಿನ ಉಪ್ಪುಗಾಳಿ ಅದಕ್ಕೆ ದಾಯಾದಿಯ ಹಾಗೆ ಕುಮ್ಮಕ್ಕು ಕೊಡುತ್ತೆ. ಬೇಕಾದದ್ದು ಇಷ್ಟೇ: ಒಂದು ಬಕೆಟ್ ನೀರು, ಖಾರವಿಲ್ಲದ ಸೋಪು, ಮೆತ್ತನೆ ಬ್ರಷ್ಷು, ಹಳೇ ಬನೀನಿನ ಬಟ್ಟೆ, ಮತ್ತು ತಾಳ್ಮೆ. ತೊಳೆದಾದ ಮೇಲೆ ಕಡ್ಡಿ ಕಡ್ಡಿಯನ್ನೂ ಒರೆಸಿ ಒಣಗಿಸಬೇಕು, ಆಮೇಲೆ ತೆಳುವಾಗಿ ಮೇಣ. 2019ರ ಬೇಸಿಗೆಯಲ್ಲಿ ಲಾರಿ ನೀರಿಗೆ ಕೊಡ ಹಿಡಿದು ನಿಂತ ಊರಿದು. ಇಲ್ಲಿ ಪೈಪು ಬಿಟ್ಟು ಚಕ್ರ ತೊಳೆಯೋದು ಚಕ್ರಕ್ಕೂ ಒಳ್ಳೇದಲ್ಲ, ಊರಿಗೂ ಒಳ್ಳೇದಲ್ಲ.

ಆದರೆ ಎಷ್ಟೋ ಕಡೆ ನಡೆಯೋದು ಇನ್ನೊಂದು. ಬೇಗ ಹೊಳೆಯಲಿ ಅಂತ ಆಸಿಡ್ ಬೆರೆಸಿದ ದ್ರಾವಣ ಎರಚುತ್ತಾರೆ. ಐದು ನಿಮಿಷದಲ್ಲಿ ಫಳಫಳ. ಆ ಆಸಿಡ್ ಲೇಪವನ್ನು ತಿನ್ನುತ್ತೆ, ಬಿಗಿದ ಉಕ್ಕಿನ ಕಡ್ಡಿಯ ಬಲವನ್ನು ಕೆಡಿಸುತ್ತೆ, ಬರಿಗೈಯಲ್ಲಿ ಬ್ರಷ್ಷು ಹಿಡಿದ ಹುಡುಗನ ಚರ್ಮವನ್ನೂ ಬಿಡೋಲ್ಲ. ಮಾಲೀಕ ನೋಡೋದು ಹೊಳಪು ಮಾತ್ರ.

ಬಲ್ಲವನು ಮಾಡುವ ಕೆಲಸ ಕಣ್ಣಿಗೆ ಕಾಣೋದೇ ಇಲ್ಲ. ಒಂದು ಸಣ್ಣ ಸ್ಪ್ಯಾನರ್ ಹಿಡಿದು ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗುತ್ತಾನೆ. ಬಿಗಿ ಇದ್ದದ್ದು ಟಿಣ್ ಅನ್ನುತ್ತೆ, ಸಡಿಲವಾದದ್ದು ಡಬ್ ಅನ್ನುತ್ತೆ. ಚಕ್ರವನ್ನು ಜಾಕಿನ ಮೇಲೆ ತಿರುಗಿಸಿ ರಿಮ್ಮಿನ ಹತ್ತಿರ ಸೀಮೆಸುಣ್ಣ ಹಿಡಿದರೆ ಬೆಂಡ್ ಎಲ್ಲಿದೆ ಅಂತ ಗುರುತು ಬೀಳುತ್ತೆ. ಆಮೇಲೆ ಒಂದು ಕಡೆ ಅರ್ಧ ಸುತ್ತು ಬಿಗಿ, ಇನ್ನೊಂದು ಕಡೆ ಅರ್ಧ ಸುತ್ತು ಸಡಿಲ. ಕಡ್ಡಿಯ ತುದಿ ರಿಮ್ಮಿನೊಳಗೆ ಚಾಚಿಕೊಂಡರೆ ಟ್ಯೂಬು ತೂತು, ಆದ್ದರಿಂದ ಅದನ್ನು ಅರದಲ್ಲಿ ಉಜ್ಜಬೇಕು. ಗುಂಬದ ಒಳಹಲ್ಲುಗಳ ಹಳೇ ಗ್ರೀಸ್ ಒರೆಸಿ, ಹಲ್ಲು ಸವೆದು ಚೂಪಾಗಿದೆಯೇ ಅಂತ ನೋಡಿ, ಹೊಸದಾಗಿ ತೆಳ್ಳಗೆ ಹಚ್ಚಬೇಕು. ಗಾಡಿಯ ಕೀಲೆಣ್ಣೆಯ ಕೆಲಸವೇ ಇದು. ನಡುವಿನ ಎರಡು ಕಿವಿಯ ನಟ್ಟು ನಮ್ಮ ಕಡಾಣಿಯ ಸ್ಥಾನದಲ್ಲಿದೆ. ಎಡಗಡೆಯ ಚಕ್ರಕ್ಕೆ ಮಾಮೂಲು ತಿರುಪು, ಬಲಗಡೆಗೆ ಉಲ್ಟಾ ತಿರುಪು. ಕಾರು ಓಡಿದಷ್ಟೂ ಬಿಗಿಯಾಗಲಿ ಅಂತ ಈ ಏರ್ಪಾಡು. ರಿಪೇರಿಯಲ್ಲಿ ಎಡ ಬಲ ಅದಲು ಬದಲಾದರೆ ಚಕ್ರವೇ ಕಳಚಿಕೊಂಡೀತು. ಇದನ್ನೆಲ್ಲ ಬಲ್ಲ ಕೈಯಲ್ಲಿ ಕಾರಿನೊಳಗೆ ಕೂತವರ ಪ್ರಾಣವಿದೆ.

ಈಗ ನಮ್ಮ ಬಿ.ಕಾಂ. ಪುಸ್ತಕಕ್ಕೆ ಬರೋಣ. ದಿನನಿತ್ಯದ ದುರಸ್ತಿ, ನಿರ್ವಹಣೆ ಅಂದರೆ ಖರ್ಚು. ಆ ವರ್ಷದ ಲಾಭ ನಷ್ಟದ ಖಾತೆಗೆ ಹೋಗಿ ಮುಗಿದುಹೋಗುತ್ತೆ. ಕಾರು ಆಸ್ತಿ; ವರ್ಷ ವರ್ಷ ಸವಕಳಿ ಕಳೆಯುತ್ತಾ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆಯ ಹತ್ತಿರ ಬರುತ್ತೆ. ಎಪ್ಪತ್ತು ವರ್ಷದ ಹಳೇ ಕಾರಿಗೆ ಪೇಟೆಯಲ್ಲಿ ಮಾತ್ರ ಚಿನ್ನದ ಬೆಲೆ! ಈ ನಡುವಿನ ಅಂತರ ಎಲ್ಲಿಂದ ಬಂತು? ಅಪರೂಪ ಅನ್ನೋದರಿಂದ ಅಂತೀರಿ, ಸರಿ. ಆದರೆ ಅಪರೂಪದ ವಸ್ತುವೂ ತುಕ್ಕು ಹಿಡಿದರೆ ಗುಜರಿಯೇ. ಗುಜರಿಗೆ ಹೋಗದ ಹಾಗೆ ಕಾದವನ ವಿದ್ಯೆ ಯಾವ ಖಾತೆಯಲ್ಲೂ ಜಮಾ ಆಗೋದಿಲ್ಲ. ಆಸ್ತಿಯ ಬೆಲೆ ಮಾಲೀಕನಿಗೆ, ಖರ್ಚಿನ ಕಾಲಂ ಕೆಲಸಗಾರನಿಗೆ.

"ಅವನು ಕೇಳಿದ್ದು ಕೊಟ್ಟಿದ್ದೀನಪ್ಪಾ, ಇನ್ನೇನು?" ಅನ್ನುವವರಿದ್ದಾರೆ. ಕೇಳಿದ್ದು ಯಾವುದಕ್ಕೆ ಅನ್ನೋದೇ ಪ್ರಶ್ನೆ. ತೊಳೆದದ್ದಕ್ಕೆ ಕೇಳುತ್ತಾನೆ, ತಟ್ಟಿ ಕೇಳಿದ್ದಕ್ಕೆ ಕೇಳೋದಿಲ್ಲ. ಯಾಕೆಂದರೆ ಅದನ್ನು ಕೆಲಸ ಅಂತ ಯಾರೂ ಒಪ್ಪಿಲ್ಲ. ಒಪ್ಪದಿದ್ದರೆ ಅವನಾದರೂ ಎಷ್ಟು ದಿನ ತಟ್ಟುತ್ತಾನೆ? ಆಸಿಡ್ ಎರಚಿ ಹೊಳಪು ಬರಿಸಿ ಮುಂದಿನ ಕಾರಿಗೆ ಹೋಗುತ್ತಾನೆ. ತಪ್ಪು ಅವನದಲ್ಲ, ಬೆಲೆ ಕಟ್ಟಿದವರದು. ನನ್ನ ಸಲಹೆ ಸುಲಭ. ತೊಳೆದದ್ದಕ್ಕೆ ಒಂದು ಕೂಲಿ, ಪರೀಕ್ಷೆ ಮಾಡಿದ್ದಕ್ಕೆ ಬೇರೆ ಕೂಲಿ. ಬಿಲ್ಲಿನಲ್ಲಿ ಎರಡು ಸಾಲು ಇರಲಿ. ಎಷ್ಟು ಕಡ್ಡಿ ತಟ್ಟಿದ, ಎಷ್ಟು ಬಿಗಿ ಮಾಡಿದ ಅಂತ ಬರೆದಿಡಲಿ.

ಮಿತ್ರರೇ, ನಾವು ನಾಳೆ ಆಡಿಟರ್ ಆಫೀಸುಗಳಲ್ಲಿ, ಬ್ಯಾಂಕುಗಳಲ್ಲಿ ಕೂತು ಇಂಥ ಬಿಲ್ಲುಗಳಿಗೆ ಟಿಕ್ ಹಾಕುವವರು. "ಇತರೆ ಖರ್ಚು" ಅಂತ ಒಂದೇ ಸಾಲಿನಲ್ಲಿ ಅದನ್ನು ಹೂತುಹಾಕುವ ಮೊದಲು, ಆ ಸಾಲಿನ ಹಿಂದೆ ಯಾರ ಕಿವಿ, ಯಾರ ಕೈ ಇದೆ ಅಂತ ಒಮ್ಮೆ ಕೇಳಿ. ಕಾಲೇಜಿನ ಗೇಟಿನ ಎದುರು ಸೈಕಲ್ಲಿನ ಬೆಂಡ್ ತೆಗೆಯುವವನಿಗೂ ಇದೇ ಲೆಕ್ಕ ಅನ್ವಯಿಸುತ್ತೆ.